ಜೀವಕೋಶದ ಪೊರೆ: ಭೇದಿ ಹತ್ತಿದ ಮಗುವಿಗೆ ಉಪ್ಪು-ಸಕ್ಕರೆ ನೀರು ಏಕೆ?

ನಮ್ಮ ಭಾಗದಲ್ಲಿ ಬೇಸಿಗೆ ಮುಗಿದು ಮೊದಲ ಮಳೆ ಬೀಳುವ ದಿನಗಳಲ್ಲಿ ಮಕ್ಕಳಿಗೆ ವಾಂತಿ-ಭೇದಿ ಹೆಚ್ಚು. ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಕೊಡಗಳಲ್ಲಿ ದಿನಗಟ್ಟಲೆ ತುಂಬಿಟ್ಟ ನೀರು. ಮಳೆ ಬಂದ ಮೇಲೆ ಒಡೆದ ಪೈಪಿಗೆ ಸೇರುವ ಚರಂಡಿ ನೀರು. ಲಚ್ಯಾಣ, ಇಂಡಿ, ಸಿಂದಗಿ ಕಡೆಯ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಭೇದಿಯಾದ ಮಗುವಿಗೆ ಬರೀ ನೀರು ಸಾಲದು, ಬರೀ ಸಕ್ಕರೆ ನೀರೂ ಸಾಲದು, ಉಪ್ಪು ಮತ್ತು ಸಕ್ಕರೆ ಎರಡೂ ಅಳತೆಯಲ್ಲಿ ಸೇರಿದ ನೀರೇ ಬೇಕು ಎನ್ನುತ್ತೇವಲ್ಲ, ಅದು ಯಾಕೆ? ಇದಕ್ಕೆ ಉತ್ತರ ಕಣ್ಣಿಗೆ ಕಾಣದ ಒಂದು ಪೊರೆಯಲ್ಲಿದೆ. ಅದೇ ಜೀವಕೋಶದ ಪೊರೆ. ಹೈಸ್ಕೂಲಿನಲ್ಲಿ ಓದುವ ಮಕ್ಕಳು ಇದರ ಚಿತ್ರ ಬಿಡಿಸಿ ಅಂಕ ಪಡೆಯುತ್ತಾರೆ. ಮನೆಯ ಹಿರಿಯರಿಗೂ ಇದು ತಿಳಿದಿದ್ದರೆ ಕೆಲವು ಜೀವಗಳು ಉಳಿಯುತ್ತವೆ.

ಯುನಾನಿ ಓದಿದವರಿಗೆ ಪೊರೆ ಹೊಸ ಮಾತಲ್ಲ. ಅರಬಿಯಲ್ಲಿ ಅದು 'ಗಿಶಾ', ನಮ್ಮ ಮನೆಮಾತಿನಲ್ಲಿ 'ಝಿಲ್ಲಿ'. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಮೂಳೆ, ನರ, ರಕ್ತನಾಳ, ಮಾಂಸಗಳ ಜೊತೆಗೆ ಪೊರೆಗಳನ್ನೂ ದೇಹದ ಸರಳ ಅಂಗಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅವರು ಹೇಳಿದ್ದು ಕಣ್ಣಿಗೆ ಕಾಣುವ ಪೊರೆಗಳನ್ನು. ಕುರ್ಬಾನಿಯ ಮಾಂಸ ಬಿಡಿಸುವಾಗ ಕೈಗೆ ಅಂಟುವ ತೆಳು ಬಿಳಿ ಹಾಳೆ ಅಂಥದ್ದೇ, ಅದರಲ್ಲಿ ಸಾವಿರಾರು ಕೋಶಗಳು ಮತ್ತು ಎಳೆಗಳು ಇರುತ್ತವೆ. ನಾನು ಇಲ್ಲಿ ಹೇಳುತ್ತಿರುವ ಪೊರೆ ಅದಲ್ಲ. ಇದು ಒಂದೊಂದೇ ಕೋಶದ ಸುತ್ತ ಇರುವುದು. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಬೆಂಡಿನ ಚೂರು ನೋಡಿ ಕೋಶಕ್ಕೆ ಹೆಸರಿಟ್ಟ ಮೇಲೂ ಈ ಪೊರೆಯನ್ನು ಯಾರೂ ಕಂಡಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರುವವರೆಗೆ, ಅಂದರೆ 1950ರ ದಶಕದವರೆಗೆ ಕಾಯಬೇಕಾಯಿತು. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಂದ ಹಾಗೆ, ಅರಬಿಯಲ್ಲಿ ಜೀವಕೋಶಕ್ಕೆ 'ಖಲಿಯಾ' ಎನ್ನುತ್ತಾರೆ. ಆ ಪದಕ್ಕೆ ಜೇನುಗೂಡು ಎಂಬ ಅರ್ಥವೂ ಇದೆ.

ಪೊರೆ ಯಾವುದರಿಂದ ಆಗಿದೆ? ಮುಖ್ಯವಾಗಿ ಎಣ್ಣೆಯ ಜಾತಿಯ ವಸ್ತುವಿನಿಂದ. ಪಾಯಾ ಶೋರ್ಬಾ ಆರಿದ ಮೇಲೆ ಮೇಲ್ಗಡೆ ಜಿಡ್ಡಿನ ಪದರ ಕಟ್ಟುತ್ತದಲ್ಲ, ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ಆದರೆ ಪೊರೆಯ ಜಿಡ್ಡು ಬರೀ ಎಣ್ಣೆಯಲ್ಲ. ಅದರ ಒಂದೊಂದು ಕಣಕ್ಕೂ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಗಳಿಗೆ ನೀರಾಗುವುದಿಲ್ಲ. ಇಂಥ ಕೋಟ್ಯಂತರ ಕಣಗಳು ನೀರಿನಲ್ಲಿ ಸೇರಿದರೆ ತಾವಾಗಿಯೇ ಎರಡು ಸಾಲಾಗಿ ನಿಲ್ಲುತ್ತವೆ. ಒಂದು ಸಾಲಿನ ತಲೆಗಳು ಹೊರಗಿನ ನೀರಿನ ಕಡೆಗೆ, ಇನ್ನೊಂದು ಸಾಲಿನ ತಲೆಗಳು ಒಳಗಿನ ನೀರಿನ ಕಡೆಗೆ, ಬಾಲಗಳೆಲ್ಲ ನಡುವೆ ಬಚ್ಚಿಟ್ಟುಕೊಂಡು. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಇಬ್ಬರು ಡಚ್ ವಿಜ್ಞಾನಿಗಳು ರಕ್ತದ ಕೆಂಪು ಕಣಗಳಿಂದ ಜಿಡ್ಡನ್ನು ತೆಗೆದು, ನೀರಿನ ಮೇಲೆ ಒಂದೇ ಪದರವಾಗಿ ಹರಡಿ ಅಳೆದರು. ಕಣಗಳ ಮೈಯ ಅಳತೆಯ ಎರಡರಷ್ಟು ಜಾಗಕ್ಕೆ ಅದು ಹರಡಿತು. ಪೊರೆ ಎರಡು ಪದರದ್ದು ಎಂಬ ಮಾತು ಅಲ್ಲಿಂದ ಬಂತು.

ಈ ಎರಡು ಪದರಗಳ ನಡುನಡುವೆ ಪ್ರೋಟೀನುಗಳು ಕುಳಿತಿವೆ. ಅವು ಗಟ್ಟಿಯಾಗಿ ನೆಟ್ಟ ಕಂಬಗಳಲ್ಲ, ಜಿಡ್ಡಿನ ಮೇಲೆ ತೇಲುವ ದೋಣಿಗಳಂತೆ ಅತ್ತಿತ್ತ ಸರಿಯುತ್ತಿರುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಈ ಚಿತ್ರವನ್ನು ಕೊಟ್ಟರು, ಇಂದಿಗೂ ಪಠ್ಯಪುಸ್ತಕದಲ್ಲಿರುವುದು ಅದೇ. ಪೊರೆಯಲ್ಲಿ ಕೊಲೆಸ್ಟರಾಲ್ ಕೂಡ ಇದೆ. ಅದು ಪೊರೆ ತೀರಾ ಸಡಿಲವಾಗದಂತೆ, ತೀರಾ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ. ಕೊಲೆಸ್ಟರಾಲ್ ಎಂದ ಕೂಡಲೇ ಶತ್ರು ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ. ರಕ್ತದಲ್ಲಿ ಅದು ಮಿತಿ ಮೀರಿದರೆ ಮಾತು ಬೇರೆ.

ಜಿಡ್ಡಿನ ಗೋಡೆಯನ್ನು ಉಪ್ಪು ದಾಟಲಾರದು, ಸಕ್ಕರೆಯೂ ದಾಟಲಾರದು. ನೀರು ಅಷ್ಟಿಷ್ಟು ದಾಟುತ್ತದೆ. ಅದಕ್ಕೆ ಬೇರೆಯೇ ಕಿಂಡಿಗಳಿವೆ ಎಂದು ತೋರಿಸಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಹುಮಾನ ಬಂತು. ಹೀಗೆ ನೀರಿಗೆ ದಾರಿ ಬಿಟ್ಟು ಉಪ್ಪು-ಸಕ್ಕರೆಯನ್ನು ತಡೆಯುವ ಪೊರೆಯ ಎರಡು ಕಡೆ ಬೇರೆ ಬೇರೆ ಸಾಂದ್ರತೆ ಇದ್ದರೆ, ನೀರು ಹೆಚ್ಚು ಉಪ್ಪು ಅಥವಾ ಹೆಚ್ಚು ಸಕ್ಕರೆ ಇರುವ ಕಡೆಗೆ ಹೋಗುತ್ತದೆ. ಇದೇ ಅಭಿಸರಣೆ. ಇದನ್ನು ತಿಳಿಯಲು ಪ್ರಯೋಗಶಾಲೆ ಬೇಡ. ಸವತಿಕಾಯಿ ಹೆಚ್ಚಿ ಉಪ್ಪು ಉದುರಿಸಿ ಹತ್ತು ನಿಮಿಷ ಬಿಡಿ, ತಾಟಿನಲ್ಲಿ ನೀರು ನಿಂತಿರುತ್ತದೆ. ಇಂಡಿ ಲಿಂಬೆಯ ಉಪ್ಪಿನಕಾಯಿ ಹಾಕುವಾಗ ಒಂದು ಹನಿ ನೀರು ಸೇರಿಸದಿದ್ದರೂ ಮರುದಿನ ಬರಣಿಯಲ್ಲಿ ರಸ ಮೇಲೆ ಬಂದಿರುತ್ತದೆ. ಹೋಳಿನಿಂದ ಸೋರಿದ ರಸದ ಜೊತೆಗೆ ಕೋಶಗಳೊಳಗಿನ ನೀರನ್ನೂ ಉಪ್ಪು ಹೊರಗೆ ಎಳೆದಿರುತ್ತದೆ. ಉಪ್ಪಿನಕಾಯಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರುವುದಕ್ಕೂ ಇದೇ ಒಂದು ಕಾರಣ. ಉಪ್ಪು ಅವುಗಳ ಮೈಯ ನೀರನ್ನೂ ಎಳೆದುಬಿಡುತ್ತದೆ.

ಒಣದ್ರಾಕ್ಷಿ ನಮ್ಮ ಜಿಲ್ಲೆಯ ಬೆಳೆ, ಯುನಾನಿಯಲ್ಲಿ ಮುನಕ್ಕಾ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಉಬ್ಬಿರುತ್ತದೆ. ಒಳಗಿನ ಸಕ್ಕರೆ ನೀರನ್ನು ಎಳೆದುಕೊಂಡಿತು ಎನ್ನಬಹುದು, ಆದರೆ ನೆನೆಸಿದ ನೀರು ಸಿಹಿಯಾಗುವುದು ಯಾಕೆ? ಒಣಗಿದ ಹಣ್ಣಿನ ಕೋಶಗಳು ಸತ್ತಿರುತ್ತವೆ. ಸತ್ತ ಕೋಶದ ಪೊರೆಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದು ಉಳಿದಿರುವುದಿಲ್ಲ, ಸಕ್ಕರೆ ಹೊರಗೆ ಸೋರುತ್ತದೆ. ಇದನ್ನೇ ಇನ್ನೂ ಚೆನ್ನಾಗಿ ತೋರಿಸುವುದು ಬೀಟ್‌ರೂಟ್. ಹೆಚ್ಚಿದ ಹೋಳುಗಳನ್ನು ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು, ಒಂದು ಗ್ಲಾಸ್ ತಣ್ಣೀರಿಗೆ ಎರಡು ಹೋಳು, ಒಂದು ಗ್ಲಾಸ್ ಕುದಿಯುವ ನೀರಿಗೆ ಎರಡು ಹೋಳು ಹಾಕಿ. ತಣ್ಣೀರಿನದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಬಿಸಿನೀರಿನದು ಸ್ವಲ್ಪ ಹೊತ್ತಿನಲ್ಲಿ ರಕ್ತದ ಹಾಗೆ ಕೆಂಪಾಗುತ್ತದೆ. ಬಿಸಿಗೆ ಪೊರೆ ಒಡೆದು ಬಣ್ಣ ಹೊರಗೆ ಬಂತು. ಮಕ್ಕಳಿಗೆ ರವಿವಾರ ಇದನ್ನು ಮಾಡಿ ತೋರಿಸಿ, ಬಿಸಿನೀರು ಮಾತ್ರ ನೀವೇ ಹಾಕಿ.

ಇನ್ನು ದೇಹಕ್ಕೆ ಬರೋಣ. ನಮ್ಮ ಪ್ರತಿ ಕೋಶದ ಪೊರೆಯಲ್ಲೂ ಒಂದು ಪಂಪು ಇದೆ. ಅದು ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ, ಹಗಲೂ ರಾತ್ರಿ, ನಾವು ಮಲಗಿದಾಗಲೂ. 1957ರಲ್ಲಿ ಇದನ್ನು ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರಿಗೂ ನೊಬೆಲ್ ಬಂತು, ಅದೂ 40 ವರ್ಷಗಳ ನಂತರ. ನಾವು ತಿನ್ನುವ ಅನ್ನದ, ರೊಟ್ಟಿಯ ಶಕ್ತಿಯಲ್ಲಿ ದೊಡ್ಡ ಪಾಲು ಈ ಪಂಪಿಗೇ ಹೋಗುತ್ತದೆ. ಇದರಿಂದಾಗಿ ಕೋಶದೊಳಗೆ ಸೋಡಿಯಂ ಯಾವಾಗಲೂ ಕಡಿಮೆ, ಹೊರಗೆ ಹೆಚ್ಚು. ಅಡುಗೆ ಉಪ್ಪಿನಲ್ಲಿರುವುದು ಇದೇ ಸೋಡಿಯಂ. ಹೊರಗಿನ ಸೋಡಿಯಂ ಒಳಗೆ ನುಗ್ಗಲು ಸದಾ ಕಾಯುತ್ತಿರುತ್ತದೆ, ಆಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ. ಆಲಮಟ್ಟಿಯ ಗೇಟು ತೆಗೆದರೆ ಏನಾಗುತ್ತದೆಂದು ಬಸವನ ಬಾಗೇವಾಡಿ, ಮುದ್ದೇಬಿಹಾಳದವರಿಗೆ ನಾನು ಹೇಳಬೇಕಿಲ್ಲ.

ಸಣ್ಣ ಕರುಳಿನ ಒಳಮೈಯ ಕೋಶಗಳಲ್ಲಿ ಈ ಗೇಟಿಗೆ ಒಂದು ವಿಚಿತ್ರ ಬಾಗಿಲಿದೆ. ಈ ಬಾಗಿಲು ಸೋಡಿಯಂ ಒಂದನ್ನೇ ಬಿಡುವುದಿಲ್ಲ, ಗ್ಲೂಕೋಸ್ ಒಂದನ್ನೇ ಬಿಡುವುದಿಲ್ಲ. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ತೆರೆಯುತ್ತದೆ, ಎರಡು ಸೋಡಿಯಂಗೆ ಒಂದು ಗ್ಲೂಕೋಸ್ ಲೆಕ್ಕದಲ್ಲಿ. ಒಳಗೆ ಬಂದ ಸೋಡಿಯಂ ಅನ್ನು ಆ ಪಂಪು ಇನ್ನೊಂದು ಬದಿಯಿಂದ ರಕ್ತದ ಕಡೆಗೆ ತಳ್ಳುತ್ತದೆ. ಉಪ್ಪು, ಸಕ್ಕರೆ ಹೋದ ಕಡೆಗೆ ನೀರೂ ಹೋಗುತ್ತದೆ. 1960ರಲ್ಲಿ ಪ್ರಾಗ್ ನಗರದ ಒಂದು ಸಭೆಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಈ ಜೋಡಿ ಬಾಗಿಲಿನ ಮಾತನ್ನು ಮೊದಲು ಹೇಳಿದಾಗ ಅವರ ಗಮನವಿದ್ದದ್ದು ಸಕ್ಕರೆ ಕರುಳಿನಿಂದ ಹೇಗೆ ಹೀರಲ್ಪಡುತ್ತದೆ ಎಂಬುದರ ಮೇಲೆ.

ಈಗ ಕಾಲರಾ, ನಮ್ಮ ಹಿರಿಯರು ಹೈಜಾ ಎನ್ನುತ್ತಿದ್ದುದು. ಅದರ ಬ್ಯಾಕ್ಟೀರಿಯಾ ಕರುಳನ್ನು ಕೊರೆಯುವುದಿಲ್ಲ. ಅದು ಬಿಡುವ ವಿಷ ಕರುಳಿನ ಕೋಶದ ಪೊರೆಯಲ್ಲಿರುವ ಇನ್ನೊಂದು ಬಾಗಿಲನ್ನು, ಕ್ಲೋರೈಡ್ ಹೊರಹೋಗುವ ಬಾಗಿಲನ್ನು, ಮುಚ್ಚದ ಹಾಗೆ ತೆರೆದಿಡುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಗಂಟೆಗಳಲ್ಲೇ ಮನುಷ್ಯ ಬತ್ತಿಹೋಗುತ್ತಾನೆ. 1959ರಲ್ಲಿ ಕಲ್ಕತ್ತಾದ ಶಂಭುನಾಥ್ ಡೇ ಈ ವಿಷ ಇದೆ ಎಂಬುದನ್ನು ತೋರಿಸಿಕೊಟ್ಟರು. ಕಾಲರಾ ವಿಷ ಒಂದು ಬಾಗಿಲನ್ನು ಕೆಡಿಸುತ್ತದೆ, ಆದರೆ ಉಪ್ಪು-ಸಕ್ಕರೆಯ ಜೋಡಿ ಬಾಗಿಲನ್ನು ಮುಟ್ಟುವುದಿಲ್ಲ. ಭೇದಿ ಹರಿಯುತ್ತಿರುವಾಗಲೂ ಆ ಬಾಗಿಲು ಕೆಲಸ ಮಾಡುತ್ತಿರುತ್ತದೆ. ಬೇರೆ ಸೋಂಕುಗಳಲ್ಲಿ, ಉದಾಹರಣೆಗೆ ರೋಟಾವೈರಸ್ ಭೇದಿಯಲ್ಲಿ, ಕರುಳಿನ ಕೆಲವು ಕೋಶಗಳೇ ಉದುರುತ್ತವೆ, ಆದರೂ ಸಾಕಷ್ಟು ಬಾಗಿಲುಗಳು ಉಳಿದಿರುತ್ತವೆ.

ನನ್ನ ದವಾಖಾನೆಗೆ ಮೊಮ್ಮಗನನ್ನು ಎತ್ತಿಕೊಂಡು ಬರುವ ಅಜ್ಜಿಯರು ಹೇಳುವ ಮಾತು ಒಂದೇ: "ಡಾಕ್ಟರ್ ಸಾಬ, ನೀರು ಕುಡಿಸಿದಷ್ಟೂ ಹೊರಗ ಹೊಂಟೈತ್ರಿ. ಅದಕ್ಕ ನೀರು ಬಂದ್ ಮಾಡೀವಿ." ಅವರು ಕಂಡದ್ದು ಸುಳ್ಳಲ್ಲ. ಹೊರಗೆ ಹೋಗುವುದು ಕಣ್ಣಿಗೆ ಕಾಣುತ್ತದೆ, ಒಳಗೆ ಹೋಗುವುದು ಕಾಣುವುದಿಲ್ಲ. "ಅಮ್ಮಾ, ಹೋಗೂದು ಹೋಗ್ಲಿ, ನೀವು ಕುಡಿಸೂದು ಬಿಡಬ್ಯಾಡ್ರಿ" ಎನ್ನುತ್ತೇನೆ. ಉಪ್ಪು-ಸಕ್ಕರೆ ನೀರು ಭೇದಿಯನ್ನು ಕೂಡಲೇ ನಿಲ್ಲಿಸುವ ಔಷಧಿಯಲ್ಲ, ಭೇದಿ ತಾನಾಗಿ ನಿಲ್ಲುವವರೆಗೆ ಮಗುವನ್ನು ಜೀವಂತ ಇಡುವ ಉಪಾಯ. 10 ಕಿಲೋ ತೂಕದ ಮಗು ಒಂದು ಲೀಟರ್ ನೀರು ಕಳೆದುಕೊಂಡರೆ ಅದರ ಜೀವಕ್ಕೇ ಅಪಾಯ.

ಈ ಉಪಾಯದ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲೇ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು, ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವ್‌ನ ಆಸ್ಪತ್ರೆಯಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರ ಕಣ್ಣೆದುರು ಸಲೈನ್ ಬಾಟಲಿಗಳು ಮುಗಿದವು. ರೋಗಿಗಳು ನೆಲದ ಮೇಲೆ, ಚುಚ್ಚುವ ಸೂಜಿಗೂ ಹಿಡಿಯುವ ಕೈಗೂ ಕೊರತೆ. ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾ ಅಳೆದು ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲೆಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನರ್ಸುಗಳಲ್ಲ, ತಾಯಿ, ಅಕ್ಕ, ಅಣ್ಣಂದಿರು ಕುಡಿಸಿದರು. ಅದಕ್ಕೂ ಮೊದಲು ಶಿಬಿರಗಳಲ್ಲಿ ನೂರಕ್ಕೆ 30ರಷ್ಟು ರೋಗಿಗಳು ಸಾಯುತ್ತಿದ್ದರು, ಈ ನೀರು ಕುಡಿದವರಲ್ಲಿ ಸಾವು ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಢಾಕಾದ ಕಾಲರಾ ಸಂಶೋಧನಾ ಕೇಂದ್ರದಲ್ಲಿ ಇದಕ್ಕೂ ಮೂರು ವರ್ಷ ಮೊದಲೇ ಆಸ್ಪತ್ರೆಯೊಳಗೆ ಇದು ಸಾಬೀತಾಗಿತ್ತು, ಮಹಲನಬಿಸ್ ಅದನ್ನು ಜನರ ಕೈಗೆ ಕೊಟ್ಟರು. 2022ರಲ್ಲಿ ಅವರು ತೀರಿಕೊಂಡರು, ಮರುವರ್ಷ ಸರಕಾರ ಪದ್ಮವಿಭೂಷಣ ಕೊಟ್ಟಿತು. ಬದುಕಿದ್ದಾಗಲೇ ಕೊಡಬಹುದಿತ್ತು.

ಇಂದು ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಅದರದೇ ಸುಧಾರಿತ ರೂಪ. ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಈ ಲೆಕ್ಕದಲ್ಲಿ ಸೋಡಿಯಂ ಕಣಗಳೂ ಗ್ಲೂಕೋಸ್ ಕಣಗಳೂ ಸಮಸಂಖ್ಯೆಯಲ್ಲಿರುತ್ತವೆ, ಜೋಡಿ ಬಾಗಿಲಿಗೆ ಅದು ಹೊಂದುತ್ತದೆ. ನಾನು ಕಾಣುವ ಗೊಂದಲ ಪೊಟ್ಟಣದ ಅಳತೆಯದ್ದು. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿ ಲೀಟರಿಗೆ. ದೊಡ್ಡದನ್ನು ಒಂದೇ ಗ್ಲಾಸಿಗೆ ಸುರಿದರೆ ಅದು ಔಷಧಿಯಲ್ಲ, ಉಪ್ಪುನೀರು. ಅಭಿಸರಣೆಯ ನಿಯಮದಂತೆ ಅದು ಕೋಶಗಳಿಂದಲೇ ನೀರನ್ನು ಎಳೆಯುತ್ತದೆ, ಮೆದುಳಿಗೂ ಏಟು ಬೀಳಬಹುದು, ಮಗುವಿಗೆ ಫಿಟ್ಸ್ ಬರಬಹುದು. ಪೊಟ್ಟಣದ ಮೇಲೆ ಬರೆದದ್ದನ್ನು ಓದಿ, ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಕೇಳಿ. ಇಡೀ ಪೊಟ್ಟಣವನ್ನು ಒಮ್ಮೆಲೇ ಕಲೆಸಿ, ಅರ್ಧರ್ಧ ಬೇಡ. ನೀರು ಕುದಿಸಿ ಆರಿಸಿದ್ದಾಗಿರಲಿ. ಕಲೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಕಲೆಸಿದ ಮೇಲೆ ಮತ್ತೆ ಕುದಿಸಬೇಡಿ.

ಪೊಟ್ಟಣ ಸಿಗದ ರಾತ್ರಿ ಏನು ಮಾಡಬೇಕು? ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಮಟ್ಟ ಮಾಡಿದ ಅರ್ಧ ಟೀ ಚಮಚ ಉಪ್ಪು. ಗುಡ್ಡೆ ಮಾಡಿದ ಚಮಚ ಬೇಡ, ಚಾಕುವಿನಿಂದ ಮೇಲ್ಭಾಗ ಸವರಿ. ನಾಲಿಗೆಗೆ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಉಪ್ಪು ಹಾಕಿದ ಅಕ್ಕಿಯ ತೆಳು ಗಂಜಿ, ಜೋಳದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ಕೂಡ ಆಗುತ್ತವೆ, ಗಂಜಿಯ ಹಿಟ್ಟು ಕರುಳಿನಲ್ಲಿ ಒಡೆದು ಗ್ಲೂಕೋಸೇ ಆಗುತ್ತದೆ. ಬಾಟಲಿಯ ತಂಪು ಪಾನೀಯ, ಪೆಟ್ಟಿಗೆಯ ಹಣ್ಣಿನ ರಸ ಬೇಡ. ಅವುಗಳಲ್ಲಿ ಸಕ್ಕರೆ ಮಿತಿ ಮೀರಿ, ಉಪ್ಪು ಇಲ್ಲದ ಹಾಗೆ, ಕರುಳಿಗೆ ನೀರು ಎಳೆದು ಭೇದಿಯನ್ನು ಹೆಚ್ಚಿಸುತ್ತವೆ. ಅಂಗಡಿಗಳಲ್ಲಿ ಓಆರ್‌ಎಸ್ ಎಂಬ ಹೆಸರು ಹೊತ್ತು ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳಿಗೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದೆಂದು ಆದೇಶಿಸಿದೆ. ಹಳೆಯ ಸರಕು ಎದುರಾದರೆ ಮೋಸ ಹೋಗಬೇಡಿ.

ನಾನು ಯುನಾನಿ ವೈದ್ಯ. ಇಸ್ಹಾಲ್‌ಗೆ ನಮ್ಮಲ್ಲಿ ದಾಳಿಂಬೆ ಸಿಪ್ಪೆ, ಬಿಲ್ವದ ಕಾಯಿ, ಇಸಬಗೋಲು ಎಲ್ಲ ಇವೆ, ದೊಡ್ಡವರಿಗೆ ನಾನೇ ಬರೆದುಕೊಡುತ್ತೇನೆ. ಆದರೆ ಬತ್ತುತ್ತಿರುವ ಮಗುವಿನ ವಿಷಯದಲ್ಲಿ ಭೇದಿ ಕಟ್ಟಿಸುವ ಪುಡಿಯನ್ನು ಮೊದಲು ಕೇಳಿ ಬರುವವರಿಗೆ ಕೊಡುವುದಿಲ್ಲ. ಮೊದಲು ನೀರು, ಆಮೇಲೆ ದವಾ. ಯಾವ ಪದ್ಧತಿಯ ವೈದ್ಯನಾದರೂ ಇದಕ್ಕೆ ವಿರುದ್ಧ ಹೇಳಿದರೆ ನೀವು ಎದ್ದು ಬರಬಹುದು. ರಮ್ಜಾನಿನಲ್ಲಿ ಭೇದಿಯಾದ ದೊಡ್ಡವರು ರೋಜಾ ಹಿಡಿದೇ ತೀರುತ್ತೇನೆ ಎಂದು ಹಟ ಮಾಡುವುದನ್ನು ನೋಡಿದ್ದೇನೆ. ಕಾಯಿಲೆಯವರಿಗೆ ವಿನಾಯಿತಿ ಇದೆ, ಆಮೇಲೆ ತೀರಿಸಿಕೊಳ್ಳಬಹುದು.

ಸಾಬೂನಿನ ಮಾತು ಸ್ವಲ್ಪ. ಸಾಬೂನಿನ ಕಣಕ್ಕೂ ನೀರಿಗೆ ಒಗ್ಗುವ ತಲೆ, ಜಿಡ್ಡಿಗೆ ಒಗ್ಗುವ ಬಾಲ. ಅದು ಅನೇಕ ರೋಗಾಣುಗಳ ಜಿಡ್ಡಿನ ಪೊರೆಯೊಳಗೆ ನುಗ್ಗಿ ಒಡೆಯುತ್ತದೆ. ಕೊರೋನಾ ಕಾಲದಲ್ಲಿ ಕೈ ತೊಳೆಯಿರಿ ಎಂದದ್ದು ಇದಕ್ಕೆ. ಆದರೆ ರೋಟಾವೈರಸ್‌ಗೆ ಜಿಡ್ಡಿನ ಹೊದಿಕೆಯೇ ಇಲ್ಲ. ಅದನ್ನು ಸಾಬೂನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಉಜ್ಜಿ ಬಿಡಿಸಿ ನೀರಿನೊಂದಿಗೆ ಕಳಿಸುತ್ತದೆ, ಆದ್ದರಿಂದ ಉಜ್ಜುವುದು, ತೊಳೆಯುವುದು ಎರಡೂ ಬೇಕು. ದಿನಕ್ಕೆ ಐದು ಸಲ ವುಜೂ ಮಾಡುತ್ತೇವೆ, ನಮಗೆ ಇದು ಬೇಡ ಎನ್ನುವವರು ಇದ್ದಾರೆ. ವುಜೂ ನಮಾಜಿನದ್ದು. ಮಗುವಿನ ಮಲ ತೊಳೆದ ಮೇಲೆ, ರೊಟ್ಟಿ ಬಡಿಯುವ ಮೊದಲು ಸಾಬೂನು ಬೇರೆಯೇ ಬೇಕು. ರೋಟಾವೈರಸ್ ಲಸಿಕೆಯನ್ನು ಸರಕಾರ 6, 10 ಮತ್ತು 14 ವಾರಗಳಲ್ಲಿ ಉಚಿತವಾಗಿ ಬಾಯಿಗೆ ಹಾಕುತ್ತದೆ, ತಪ್ಪಿಸಬೇಡಿ.

ಕುಡಿಸುವ ರೀತಿ ಹೀಗಿರಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ. ಬಾಟಲಿಯಿಂದಲ್ಲ, ಚಮಚದಿಂದ, ಗುಟುಕು ಗುಟುಕಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನವಾಗಿ ಕುಡಿಸಿ. ಎದೆಹಾಲು ಒಂದು ಹೊತ್ತೂ ನಿಲ್ಲಿಸಬೇಡಿ, ಊಟ ಮಾಡುವ ಮಗುವಿಗೆ ಊಟವನ್ನೂ ನಿಲ್ಲಿಸಬೇಡಿ. ಆಶಾ ಕೊಡುವ ಸತುವಿನ ಮಾತ್ರೆ, ಅಂದರೆ ಜಿಂಕ್, ಆರು ತಿಂಗಳೊಳಗಿನ ಶಿಶುವಿಗೆ 10 ಮಿಲಿಗ್ರಾಂ (ಎರಡು ತಿಂಗಳು ತುಂಬಿದ ಮೇಲೆ), ಅದಕ್ಕಿಂತ ದೊಡ್ಡವರಿಗೆ 20 ಮಿಲಿಗ್ರಾಂ. ಭೇದಿ ಎರಡನೇ ದಿನ ನಿಂತರೂ 14 ದಿನ ಪೂರ್ತಿ ಕೊಡಿ.

ಮಗು ಮಂಕಾಗಿ ಮಲಗಿದ್ದರೆ, ಕುಡಿಯಲು ಆಗದಿದ್ದರೆ, ಕುಡಿಸಿದ್ದೆಲ್ಲ ವಾಂತಿಯಾಗುತ್ತಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಕೆಳಗಿಳಿದರೆ, ಆರು ತಾಸು ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಂಡಿಯ ತಾಲ್ಲೂಕು ಆಸ್ಪತ್ರೆಗೋ ವಿಜಯಪುರಕ್ಕೋ ಹೊರಡಿ. ದಾರಿಯುದ್ದಕ್ಕೂ ಎಚ್ಚರವಿರುವ ಮಗುವಿಗೆ ಚಮಚದಿಂದ ಕುಡಿಸುತ್ತಲೇ ಇರಿ.